ಅಪ್ಪನ ಬಾಟಲಿಗಳಿಗೊಂದು ತಂಪು ಜಾಗ

ಅಪ್ಪ ಸತ್ತ ಮೂರನೆಯ ಬೇಸಿಗೆಯಲ್ಲಿ ನಮ್ಮ ನೆಲಮಾಳಿಗೆಯ ಬಾಟಲಿಗಳು ಅಳಲು ಶುರುಮಾಡಿದವು. ಅಳುವುದು ಅನ್ನುವುದು ನಾನು ಬಣ್ಣ ಕಟ್ಟಿ ಹೇಳುವ ಮಾತಲ್ಲ, ನಮ್ಮ ಬೋನ್ ಪಟ್ಟಣದ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ. ಸೆಕೆಗೆ ವೈನ್ ಒಳಗೇ ಹಿಗ್ಗಿ, ಬಿರಡೆಯ ಪಕ್ಕದಿಂದ ಒಂದೊಂದೇ ಹನಿ ಜಿನುಗಿ, ಬಾಟಲಿಯ ಕತ್ತಿನ ಮೇಲೆ ಅಂಟಾಗಿ ಒಣಗುತ್ತದೆ. ಜೂನ್ ಕೊನೆಯ ವಾರ ನನ್ನ ತಮ್ಮ ಫಿರ್ಮೇನ್ ಕೆಳಗಿನಿಂದ ಹತ್ತಿ ಬಂದವನೇ ಅಡುಗೆಮನೆಯ ಮೇಜಿನ ಮೇಲೆ ತೋರುಬೆರಳು ಚಾಚಿದ. ಬೆರಳ ತುದಿ ಕೆಂಪಗಿತ್ತು.

"ಮೂರನೇ ಗೂಡಲ್ಲಿ ಎಂಟು ಬಾಟ್ಲಿ ಹೋದ್ವು ಕಣೇ ಹುಗೆತ್," ಅಂದ. "ಕೆಳಗೆ ಹದಿನೆಂಟು ಡಿಗ್ರಿ ಇದೆ. ಅಪ್ಪ ಇದ್ದಾಗ ಯಾವತ್ತಾದ್ರೂ ಹದಿಮೂರು ದಾಟಿತ್ತಾ?"

"ಅಪ್ಪ ಇದ್ದಾಗ ಸೂರ್ಯನೂ ಹೆದರ್ಕೊಂಡೇ ಉರೀತಿದ್ದ," ಅಂದೆ.

ಅವನು ನಗಲಿಲ್ಲ. ಆ ಬಾಟಲಿಗಳ ವಿಷಯದಲ್ಲಿ ಫಿರ್ಮೇನ್ ಎಂದೂ ನಕ್ಕವನಲ್ಲ. ಐವತ್ತನಾಲ್ಕು ವರ್ಷದ ಗಂಡಸು, ಮದುವೆ ಇಲ್ಲ, ಮಕ್ಕಳಿಲ್ಲ, ಹದಿನಾಲ್ಕರಿಂದಲೂ ಅಪ್ಪನ ಹಿಂದೆ ತೋಟಕ್ಕೂ ನೆಲಮಾಳಿಗೆಗೂ ಓಡಾಡಿದವನು. ಬೆನ್ನು ಕೈಕೊಟ್ಟ ಮೇಲೆ ತೋಟವನ್ನು ಪಕ್ಕದ ಮನೆಯ ಬೆಸ್ಸೆಗೆ ಗುತ್ತಿಗೆ ಕೊಟ್ಟೆವು. ಹೋದ ವರ್ಷ, ನಮ್ಮ ಗೋಡೆಗೆ ತಾಗಿಕೊಂಡಿರುವ, ದ್ರಾಕ್ಷಿರಸ ಹುದುಗಿಸುವ ಕೊಪ್ಪರಿಗೆಮನೆಯನ್ನೂ ಅವನಿಗೇ ಮಾರಿದೆವು. ಉಳಿದದ್ದು ನೆಲಮಾಳಿಗೆ ಮತ್ತು ಅದರೊಳಗಿನ ಎರಡು ಸಾವಿರ ಬಾಟಲಿ.

ಅವು ನಮ್ಮ ಒಂದೇ ತೋಟದವಲ್ಲ. ನಮ್ಮಲ್ಲಿ ದ್ರಾಕ್ಷಿ ಬೆಳೆಯುವವರು ವರ್ಷದ ಕೊನೆಯಲ್ಲಿ ಬಾಟಲಿ ಬದಲಾಯಿಸಿಕೊಳ್ಳುತ್ತಾರೆ. ನಿನ್ನದು ಹನ್ನೆರಡು ಕೊಡು, ನನ್ನದು ಹನ್ನೆರಡು ತಗೋ. ಅರವತ್ತು ವರ್ಷ ಹೀಗೆ ಬದಲಾಯಿಸಿ ಬದಲಾಯಿಸಿ ಅಪ್ಪ ಸುತ್ತಲಿನ ಊರುಗಳನ್ನೆಲ್ಲ ಕೆಳಗೆ ಮಲಗಿಸಿಟ್ಟಿದ್ದ. ಒಂದೊಂದು ಗೂಡಿನ ಮೇಲೂ ಒಂದೊಂದು ಕಪ್ಪು ಕಲ್ಲುಹಲಗೆ, ಅದರ ಮೇಲೆ ಬಳಪದಲ್ಲಿ ಕೊಟ್ಟವನ ಹೆಸರು. ಆ ಹೆಸರಿನವರಲ್ಲಿ ಮುಕ್ಕಾಲುಪಾಲು ಜನ ಈಗ ಚರ್ಚಿನ ಹಿಂದೆ ಮಲಗಿದ್ದಾರೆ.

ಇದೆಲ್ಲ ನನಗೆ ಫಿರ್ಮೇನ್ ಹೇಳಿ ಗೊತ್ತು, ಕಣ್ಣಾರೆ ಕಂಡು ಗೊತ್ತಿರಲಿಲ್ಲ. ಮುಟ್ಟಾದ ಹೆಂಗಸು ಇಳಿದರೆ ವೈನ್ ಕೆಡುತ್ತದೆ ಅನ್ನುವುದು ಹಳಬರ ನಂಬಿಕೆ. ಬೇರೆ ಮನೆಗಳಲ್ಲಿ ಆ ನಾಲ್ಕು ದಿನ ಮಾತ್ರ ತಡೆಯುತ್ತಿದ್ದರು. ನನಗೆ ಹನ್ನೆರಡು ತುಂಬಿದ ವರ್ಷ ಅಪ್ಪ, "ನಿನ್ನ ದಿನ ಲೆಕ್ಕ ಇಟ್ಕೊಂಡು ಕೂರಕ್ಕೆ ನನಗೆ ಪುರುಸೊತ್ತಿಲ್ಲ. ಇಳೀಲೇಬೇಡ," ಅಂದುಬಿಟ್ಟ. ಮುಗಿಯಿತು. ಊಟದ ಮೇಜಿನಲ್ಲೂ ಅವನು ವೈನಿನ ವಿಷಯ ಮಾತಾಡಿದ್ದು ಫಿರ್ಮೇನನ ಕಡೆ ಮುಖ ಮಾಡಿ. ನಾನು ಮೂವತ್ತೆರಡು ವರ್ಷ ಬೋನ್‌ನ ಕಾರ್ಖಾನೆಯಲ್ಲಿ ಬಾಟಲಿಗೆ ಚೀಟಿ ಅಂಟಿಸಿದೆ, ಗಂಡನನ್ನು ಬಿಟ್ಟೆ, ಮುಟ್ಟು ನಿಂತು ಹತ್ತು ವರ್ಷ ಆಯಿತು. ಆದರೂ ಮೊದಲ ಮೆಟ್ಟಿಲಿನಿಂದ ಕೆಳಗೆ ಕಾಲಿಟ್ಟಿರಲಿಲ್ಲ. ಮೊದಮೊದಲು ಹೆದರಿಕೆಗೆ, ಆಮೇಲೆ ಹಟಕ್ಕೆ.

ಬಾಟಲಿಗಳನ್ನು ಬೇರೆ ತಂಪು ಜಾಗಕ್ಕೆ ಸಾಗಿಸಬೇಕು ಅಂತ ಹೇಳಿದವಳು ನಾನೇ. ಜುಲೈ ತಿಂಗಳಿಡೀ ಜಾಗ ನೋಡಿದೆವು.

ಮೊದಲು ಹೆದ್ದಾರಿ ಪಕ್ಕದ ಗೋದಾಮು. ಕಿಟಕಿ ಇಲ್ಲ, ಒಳಗೆಲ್ಲ ಆಸ್ಪತ್ರೆಯ ಹಾಗೆ ಬಿಳುಪು. ಒಬ್ಬೊಬ್ಬ ಗಿರಾಕಿಗೂ ತಂತಿಬಲೆಯ ಒಂದೊಂದು ಕೋಣೆ. ನಾದೆಜ್ ಅನ್ನುವ ಗಟ್ಟಿಮುಟ್ಟಾದ ಹೆಂಗಸು ನಮ್ಮನ್ನು ಸುತ್ತಾಡಿಸಿದಳು. ಹನ್ನೆರಡು ಡಿಗ್ರಿ, ಮೇಲೆ ಕೆಳಗೆ ಅರ್ಧ ಡಿಗ್ರಿ ಆಗುವುದಿಲ್ಲ. ಗಾಳಿಯಲ್ಲಿ ತೇವ ನೂರಕ್ಕೆ ಎಪ್ಪತ್ತು. ಲಾರಿ ಹೋದರೆ ಅದುರಬಾರದು ಅಂತ ನೆಲದಡಿ ರಬ್ಬರು. ಕರೆಂಟು ಹೋದರೆ ಒಂದಲ್ಲ, ಎರಡು ಜನರೇಟರು.

ಫಿರ್ಮೇನ್ ಎಲ್ಲ ಕೇಳಿಸಿಕೊಂಡು ಮೂಲೆಗಳನ್ನು ನೋಡಿದ. "ಜೇಡ ಇದಾವಾ?" ಅಂದ.

"ಒಂದೂ ಇಲ್ಲ ಸಾರ್," ಅಂದಳು ನಾದೆಜ್, ಹೆಮ್ಮೆಯಿಂದ. "ವಾರಕ್ಕೊಂದ್ಸಲ ಕ್ಲೀನ್ ಮಾಡ್ತೀವಿ."

ಅವನು ನನ್ನ ಕಡೆ ತಿರುಗಿದ. "ನೋಡು. ಜೇಡ ಇಲ್ವಂತೆ."

"ಬೇಕಾದ್ರೆ ಮನೆಯಿಂದ ನಾಲ್ಕು ಹಿಡಿದು ತಂದು ಬಿಡೋಣ ಬಿಡು," ಅಂದೆ. ಬಿರಡೆ ಕೊರೆಯುವ ಹುಳವನ್ನು ಜೇಡ ತಿನ್ನುತ್ತದೆ, ಅದಕ್ಕೇ ನಮ್ಮಲ್ಲಿ ನೆಲಮಾಳಿಗೆಯ ಬಲೆಯನ್ನು ಯಾರೂ ಗುಡಿಸುವುದಿಲ್ಲ. ಅದು ನನಗೂ ಗೊತ್ತು. ಆದರೆ ಅವನು ಹುಡುಕುತ್ತಿದ್ದದ್ದು ಜೇಡವನ್ನಲ್ಲ, ನೆಪವನ್ನು.

ಎರಡನೆಯದು ಗುಡ್ಡದಲ್ಲಿರುವ ಹಳೆಯ ರೈಲು ಸುರಂಗ. ಅಲ್ಲಿ ತೇವ ಜಾಸ್ತಿ, ಗೋಡೆ ತೊಟ್ಟಿಕ್ಕುತ್ತಿತ್ತು. ಆರು ತಿಂಗಳಲ್ಲಿ ಚೀಟಿ ಕೊಳೆತು ಉದುರುತ್ತದೆ, ಯಾವುದು ಯಾರದು ಅಂತ ದೇವರಿಗೂ ತಿಳಿಯುವುದಿಲ್ಲ. ಇದನ್ನು ನಾನೇ ಬೇಡ ಅಂದೆ. ಮೂರನೆಯದು ಮನೆಯ ನೆಲಮಾಳಿಗೆಗೇ ತಂಪಿನ ಯಂತ್ರ ಹಾಕಿಸುವುದು. ತೋರಿಸಲು ಬಂದವನು ಅದನ್ನು ಅಂಗಳದಲ್ಲಿಟ್ಟು ಚಾಲು ಮಾಡಿದ. ಫಿರ್ಮೇನ್ ಕಿವಿ ಮುಚ್ಚಿಕೊಂಡ.

"ಈ ಗುರ್ ಗುರ್‌ಗೆ ವೈನಿನ ನಿದ್ದೆ ಕೆಡುತ್ತೆ."

"ನಿನ್ನ ಗೊರಕೆಗೆ ಕೆಡದಿರೋ ನಿದ್ದೆ ಇದಕ್ಕೆ ಕೆಡುತ್ತಾ?"

ಕುಣಿಯಲಾರದವಳಿಗೆ ನೆಲ ಡೊಂಕು. ಅವನಿಗೆ ಯಾವ ಜಾಗವೂ ಆಗುತ್ತಿರಲಿಲ್ಲ. ಕೊನೆಗೆ ನಾನು, ನೀನು ಮನಸ್ಸು ಮಾಡುವ ತನಕ ಇರುವ ತಂಪಾದರೂ ಉಳಿಯಲಿ ಅಂತ ಗೋಣಿಚೀಲ ನೆನೆಸಿ, ಅಂಗಳದ ಮಟ್ಟಕ್ಕಿರುವ ನೆಲಮಾಳಿಗೆಯ ಎರಡೂ ಗಾಳಿಕಿಂಡಿಗಳಿಗೆ ಹೊರಗಿನಿಂದ ತುರುಕಿದೆ. ಅಪ್ಪನೂ ಸೆಕೆಗಾಲದಲ್ಲಿ ಹೀಗೇ ಮಾಡುತ್ತಿದ್ದ. ನಾನು ಅವನಿಗಿಂತ ಒಂದು ಕೈ ಮೇಲಾಗಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಹೆಂಚು ಜೋಡಿಸಿದೆ. ಒಂದು ವಾರದಲ್ಲಿ ಕೆಳಗೆ ಹದಿನೈದಕ್ಕೆ ಇಳಿಯಿತು. ಫಿರ್ಮೇನ್ ಖುಷಿಯಾಗಿ, "ನಿನಗೆ ಇದೆಲ್ಲ ಹೆಂಗೆ ಗೊತ್ತು?" ಅಂದ. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಸೆಪ್ಟೆಂಬರ್ ಮೊದಲ ವಾರ ಕೊಯ್ಲು ಬಂತು. ಬೆಸ್ಸೆಯ ಟ್ರ್ಯಾಕ್ಟರುಗಳು ಬೆಳಗಿನಿಂದ ಸಂಜೆಯ ತನಕ ಓಡಾಡಿದವು, ಗೋಡೆಯಾಚೆಯ ಕೊಪ್ಪರಿಗೆಗಳು ತುಂಬಿದವು, ಬೀದಿಯೆಲ್ಲ ಹುಳಿಸಿಹಿ ವಾಸನೆ. ಫಿರ್ಮೇನ್ ಅಂಗಳದಲ್ಲಿ ನಿಂತು, ಪರರ ಮದುವೆ ನೋಡುವವನ ಹಾಗೆ ಆ ಗದ್ದಲ ನೋಡಿದ. ಅವನನ್ನು ಯಾರೂ ಕೊಯ್ಲಿಗೆ ಕರೆದಿರಲಿಲ್ಲ. ಮೂರನೆಯ ದಿನದಿಂದ ಮಧ್ಯಾಹ್ನ ಊಟ ಆದಮೇಲೆ ಕೆಳಗೆ ಹೋಗಿ ಕೂರಲು ಶುರುಮಾಡಿದ.

ಬೇಜಾರಿಗೆ ಹೋಗುತ್ತಾನೆ, ಹೋಗಲಿ ಅಂದುಕೊಂಡೆ. ಆದರೆ ಮೇಲೆ ಬಂದಾಗ ಬೇಜಾರಿನವನ ಹಾಗೆ ಕಾಣುತ್ತಿರಲಿಲ್ಲ. ಮುಖ ಕೆಂಪಗೆ, ಕಣ್ಣು ತುಂಬಿಕೊಂಡು, ಹಣೆ ಒತ್ತಿಕೊಳ್ಳುತ್ತ ನಗುತ್ತಿದ್ದ. ಕುಡಿದು ಬರುತ್ತಾನೇನೋ ಅಂತ ಮೂಸಿ ನೋಡಿದೆ. ಬಾಯಿ ವಾಸನೆ ಇಲ್ಲ. ಬಾಟಲಿ ಎಣಿಸಿದ್ದೀಯಾ ಅಂತ ಕೇಳಿದರೆ, ಯಾವುದನ್ನೂ ಮುಟ್ಟಿಲ್ಲ ಅಂದ.

"ಮತ್ತೆ ಅಷ್ಟೊತ್ತು ಏನ್ ಮಾಡ್ತೀಯ ಅಲ್ಲಿ?"

ಅವನು ಸೂಪಿಗೆ ರೊಟ್ಟಿ ಅದ್ದುತ್ತ, ಮಳೆ ಬಂತು ಅನ್ನುವಷ್ಟೇ ಸಲೀಸಾಗಿ ಹೇಳಿದ. "ಅಪ್ಪ ಇದಾರೆ ಕಣೇ ಕೆಳಗೆ."

"ತಮಾಷೆ ಮಾಡ್ಬೇಡ."

"ಮಾತಾಡ್ತಾರೆ. ಮೊದ್ಲು ಉಸಿರಾಡೋದು ಕೇಳ್ಸುತ್ತೆ, ಮೆಟ್ಲು ಹತ್ತಿದೋರ ಹಂಗೆ ಜೋರಾಗಿ. ಆಮೇಲೆ ಮಾತು. ಯಾವ ವರ್ಷದ್ದು ಯಾವಾಗ ತೆಗೀಬೇಕು, ಎಲ್ಲಾ ಹೇಳ್ತಾರೆ."

ಮರುದಿನ ಬೋನ್‌ಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸೋಣ ಅಂದೆ. ತಲೆನೋವಿನ ಮಾತ್ರೆ ನುಂಗಿ, ತನಗೇನೂ ಆಗಿಲ್ಲ ಅಂದ. ಮೇಲೆ ಇರುವಾಗ ನಿಜವಾಗಿಯೂ ಏನೂ ಆಗಿರಲಿಲ್ಲ. ಸಂತೆಗೆ ಹೋಗುತ್ತಿದ್ದ, ಕಾರು ಓಡಿಸುತ್ತಿದ್ದ, ಟಿವಿ ನೋಡಿ ರಾಜಕಾರಣಿಗಳನ್ನು ಬೈಯುತ್ತಿದ್ದ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಎದ್ದು ಹೋಗುತ್ತಿದ್ದ. ಮೊದಲು ಹತ್ತು ನಿಮಿಷ ಇರುತ್ತಿದ್ದವನು ಇಪ್ಪತ್ತು ನಿಮಿಷ ಇರತೊಡಗಿದ.

ಎರಡನೆಯ ವಾರ ಹೇಳಿದ, "ಈಗ ಅಪ್ಪ ಒಬ್ರೇ ಅಲ್ಲ. ಗೂಡಿನೋರೆಲ್ಲ ಬಂದಿದಾರೆ. ಮುದುಕ ಪೆರ್ನೋ, ಬಾವಿ ಹತ್ರದ ಮನೆ ಗಾಸ್ಪಾರ್. ಎಲ್ಲರೂ ಒಟ್ಟಿಗೆ ಪಿಸುಗುಟ್ತಾರೆ, ಅಪ್ಪ ಗದರಿದ್ರೆ ಸುಮ್ಮನಾಗ್ತಾರೆ."

ನಾನು ಚಮಚ ಕೆಳಗಿಟ್ಟೆ. ತಮ್ಮನ ಬುದ್ಧಿ ಕೈತಪ್ಪುತ್ತಿದೆ, ನನಗೆ ಉಳಿದಿರುವವನು ಇವನೊಬ್ಬನೇ ಅನ್ನಿಸಿತು. ಆ ಬಾಟಲಿಗಳು ಅಲ್ಲಿಂದ ಹೊರಟರೆ ಇವನೂ ಅಲ್ಲಿಂದ ಹೊರಡುತ್ತಾನೆ, ಬೇರೆ ದಾರಿ ಇಲ್ಲ ಅಂತ ತೀರ್ಮಾನಿಸಿದೆ.

"ಹೆದ್ದಾರಿ ಗೋದಾಮಿಗೆ ಸಹಿ ಹಾಕೋಣ. ನಾಳೇನೇ," ಅಂದೆ.

"ಅಪ್ಪನ್ನ ಕೇಳಿ ಹೇಳ್ತೀನಿ."

"ಅಪ್ಪ ಸತ್ತಿದಾನೆ ಫಿರ್ಮೇನ್! ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ನೀನೇ."

ಅವನಿಗೆ ಸಿಟ್ಟು ಬರಲಿಲ್ಲ. ಕನಿಕರದಿಂದ ನನ್ನನ್ನು ನೋಡಿದ. "ದಿನಾ ನಿನ್ನೇ ಕೇಳ್ತಾರೆ, ಗೊತ್ತಾ? ಹುಗೆತ್ ಯಾಕೆ ಬರಲ್ಲ, ಅಂತಾರೆ."

ನಾನು ಎದ್ದು ಪಾತ್ರೆ ತೊಳೆಯಲು ಹೋದೆ. ನಲ್ಲಿ ಪೂರ್ತಿ ತಿರುಗಿಸಿದೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಆ ವಾರ ಸಣ್ಣಪುಟ್ಟ ಸಂಗತಿಗಳು ಕಣ್ಣಿಗೆ ಬಿದ್ದವು. ನಮ್ಮ ಬೆಕ್ಕು ಇಲಿ ಹಿಡಿಯಲು ಕೆಳಗೆ ಹೋಗುವುದನ್ನು ನಿಲ್ಲಿಸಿತ್ತು. ಐದನೆಯ ಮೆಟ್ಟಿಲ ತನಕ ಇಳಿದು, ಮೂಗು ಚಾಚಿ, ಕಿವಿ ಮಡಿಸಿಕೊಂಡು ವಾಪಸು ಬರುತ್ತಿತ್ತು. ಒಂದು ದಿನ ಫಿರ್ಮೇನನ ಬೂಟಿನ ಅಡಿಗೆ ಏನೋ ಕಪ್ಪಗೆ ಅಂಟಿತ್ತು. ಕೆರೆದು ನೋಡಿದರೆ ಜೇಡ, ಹತ್ತೋ ಹನ್ನೆರಡೋ, ಕಾಲು ಮುದುರಿಕೊಂಡು ಸತ್ತವು. "ಕೆಳಗೆ ನೆಲದ ತುಂಬಾ ಉದುರಿವೆ," ಅಂದ. ಜೇಡಕ್ಕಾಗಿ ಗೋದಾಮು ಬೇಡ ಅಂದವನು ಇದನ್ನು ಹೇಳುವಾಗ ಆಕಳಿಸಿದ. ಆದರೂ ನನಗೆ ಹೊಳೆಯಲಿಲ್ಲ. ಹೊಳೆಯಬೇಕಾದದ್ದು ಹೊಳೆಯುವಷ್ಟು ಯಾರೂ ನನಗೆ ಕಲಿಸಿರಲಿಲ್ಲ.

ಅವನನ್ನು ಕೇಳದೆ ನಾದೆಜ್‌ಗೆ ಫೋನ್ ಮಾಡಿದೆ. ಗುರುವಾರ ಮಧ್ಯಾಹ್ನ ಮೂರಕ್ಕೆ ಬಂದು ಬಾಟಲಿ ನೋಡಿ, ಎಷ್ಟು ಪೆಟ್ಟಿಗೆ ಬೇಕು ಅಂತ ಅಂದಾಜು ಮಾಡುವುದಾಗಿ ಹೇಳಿದಳು. ಫಿರ್ಮೇನ್ ಕೆಳಗಿರುವ ಹೊತ್ತು ಅದು. ಎದುರಾಎದುರು ಆಗಲಿ, ಹೊರಗಿನವರ ಮುಂದೆ ನಾಚಿಕೆಯಾದರೂ ಆದೀತು ಅಂದುಕೊಂಡೆ.

ಗುರುವಾರ ಅವನು ಎರಡಕ್ಕೆ ಇಳಿದ. ಎರಡೂವರೆಯಾಯಿತು. ಎರಡೂ ಮುಕ್ಕಾಲಾಯಿತು. ಬಾಗಿಲ ಬಳಿ ನಿಂತು ಕೂಗಿದೆ. ಕೆಳಗೆ ವಿದ್ಯುತ್ ದೀಪ ನಿಶ್ಚಲವಾಗಿ ಉರಿಯುತ್ತಿತ್ತು. ಉತ್ತರ ಇಲ್ಲ. ಮತ್ತೆ ಕೂಗಿದೆ. ಆಗ ಕೆಳಗಿನಿಂದ ಒಂದು ಉಸಿರು ಕೇಳಿಸಿತು, ಉದ್ದವಾಗಿ, ಭಾರವಾಗಿ, ಎಳೆದು ಬಿಡುವ ಉಸಿರು.

ಇಳಿದೆ. ಅಪ್ಪ ಇಳೀಬೇಡ ಅಂದ ನಲವತ್ತೊಂಬತ್ತು ವರ್ಷದ ನಂತರ.

ಹದಿನೇಳು ಮೆಟ್ಟಿಲು. ಐದನೆಯದರ ತನಕ ತಣ್ಣಗಿತ್ತು, ಹಿತವಾಗಿತ್ತು. ಎಂಟನೆಯದರಲ್ಲಿ ಮೂಗಿನೊಳಗೆ ಚುರುಚುರು ಅಂದಿತು, ಸೋಡಾ ಕುಡಿದಾಗ ಆಗುತ್ತದಲ್ಲ, ಹಾಗೆ. ಹನ್ನೆರಡರಲ್ಲಿ ನನ್ನದೇ ಉಸಿರು ಜೋರಾಯಿತು. ಗುಡ್ಡ ಹತ್ತಿದವಳ ಹಾಗೆ ಏದುಸಿರು ಬಿಡುತ್ತಿದ್ದೆ, ಆದರೆ ನಾನು ಇಳಿಯುತ್ತಿದ್ದೆ. ಎದೆ ಡವಡವ ಅನ್ನುತ್ತಿತ್ತು. ಕೆಳಗೆ ಮುಟ್ಟಿದಾಗ ಕಾಲಡಿ ಏನೋ ಒಣಗಿದ್ದು ಪುಡಿಯಾಯಿತು. ನೋಡಲಿಲ್ಲ.

ಫಿರ್ಮೇನ್ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತು, ಗೋಡೆಗೆ ತಲೆ ಆನಿಸಿದ್ದ. ಬಾಯಿ ತೆರೆದಿತ್ತು, ತುಟಿ ಊದಾ ಬಣ್ಣಕ್ಕೆ ತಿರುಗಿತ್ತು. ನಗುತ್ತಿದ್ದ. ಅವನ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ, ಯಾರೋ ಬರುತ್ತಾರೆ ಅಂತ ಇಟ್ಟ ಹಾಗೆ ಖಾಲಿ. ಅವನ ಭುಜ ಹಿಡಿದು ಅಲುಗಿಸಬೇಕು ಅಂತಲೇ ಹೋದವಳು. ಆ ಖಾಲಿ ಪೆಟ್ಟಿಗೆಯ ಮೇಲೆ ಯಾಕೆ ಕೂತೆ ಅಂತ ಇವತ್ತಿಗೂ ಹೇಳಲಾರೆ. ಕಾಲು ಸೋತಿತ್ತು. ಒಂದು ನಿಮಿಷ ಅಂದುಕೊಂಡೆ.

ಗೂಡುಗಳು ಕಂಡವು. ಕಲ್ಲುಹಲಗೆಯ ಮೇಲಿನ ಹೆಸರುಗಳು ಅಂಚು ಕರಗಿ ಅಲುಗುತ್ತಿದ್ದವು. ಕಿವಿಯಲ್ಲಿ ಮೊದಲು ಜೇನುಗೂಡಿನ ಸದ್ದು, ಆಮೇಲೆ ಅದು ಬಿಡಿಬಿಡಿಯಾಗಿ ಪಿಸುಮಾತು, ಗಂಡಸರು ತುಂಬಿದ ಕೋಣೆಯ ಹೊರಗೆ ನಿಂತು ಚಿಕ್ಕಂದಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅದೇ ಗುಜುಗುಜು. ಅದರೊಳಗಿಂದ ಒಂದು ಕೆಮ್ಮು. ಆ ಕೆಮ್ಮು ನನಗೆ ಗೊತ್ತಿತ್ತು.

"ಬಂದ್ಯಾ," ಅಂದ ಅಪ್ಪ. "ಎಷ್ಟೊತ್ತು ಮಾಡ್ದೆ. ಕೂತ್ಕೊ."

ಕೂತೇ ಇದ್ದೆ. ನನಗೆ ಹೆದರಿಕೆ ಆಗಲಿಲ್ಲ. ಅಳು ಬಂತು. ಬೆಚ್ಚಗಿನ ನೀರಿನಲ್ಲಿ ಇಳಿದ ಹಾಗೆ ಮೈಯೆಲ್ಲ ಸಡಿಲವಾಯಿತು. ಅಪ್ಪ ಮಾತಾಡಿದ. ನನ್ನ ಜೊತೆ, ನನ್ನ ಕಡೆ ಮುಖ ಮಾಡಿ. ಎದುರಿನ ಗೂಡು ಯಾರದು, ಯಾವ ವರ್ಷ ಆಲಿಕಲ್ಲು ಬಿತ್ತು, ಯಾವ ಬಾಟಲಿಯನ್ನು ಯಾಕೆ ಇನ್ನೂ ಹತ್ತು ವರ್ಷ ಮುಟ್ಟಬಾರದು. ನಿಧಾನವಾಗಿ, ತಿಳಿಯುವ ಹಾಗೆ ಹೇಳಿದ. ನಾನು ತಲೆಯಾಡಿಸುತ್ತಿದ್ದೆ. ಅವನು ನನ್ನ ಹತ್ತಿರ ಬಗ್ಗಿದ್ದು ಗೊತ್ತಾಯಿತು, ಅವನ ತಂಬಾಕಿನ ವಾಸನೆಯೂ ಬಂತು.

"ನಿನ್ನನ್ನ ಹೊರಗಿಟ್ಟೆ," ಅಂದ. "ತಪ್ಪಾಯ್ತು ಮಗಳೇ."

ಅಲ್ಲಿ ನನ್ನೊಳಗೆ ಏನೋ ಕೆರಳಿ ಎದ್ದಿತು.

ನಮ್ಮಪ್ಪ ತಪ್ಪಾಯ್ತು ಅನ್ನುವವನಲ್ಲ. ಪಾದ್ರಿಯ ಮುಂದೆಯೂ ಅಂದವನಲ್ಲ, ಅಮ್ಮ ಸಾಯುವಾಗ ಅವಳ ಮುಂದೆಯೂ ಅನ್ನಲಿಲ್ಲ. ಸಾಯುವ ಹಿಂದಿನ ದಿನ ಅವನಿಗೆ ಬಟ್ಟೆ ಬದಲಾಯಿಸಿದ ನನಗೆ ಅಂದದ್ದು, "ನಿಧಾನ, ನಾನೇನು ಬಾಟ್ಲಿ ಅಲ್ಲ." ನಿನ್ನ ಬಾಯಲ್ಲಿ ಈ ಮಾತು ಬರುವುದಿಲ್ಲ, ನೀನು ಅವನಲ್ಲ ಅಂತ ನಾನು ಜೋರಾಗಿಯೇ ಕೂಗಿರಬೇಕು. ಸಿಟ್ಟಿಗೆ ಎದ್ದು ನಿಂತೆ. ನಿಂತ ಕೂಡಲೇ ಮುಖಕ್ಕೆ ಒಂದು ಚೂರು ಒಳ್ಳೆಯ ಗಾಳಿ ತಾಗಿ, ಕೋಣೆ ಕೋಣೆಯಾಗಿ ಕಂಡಿತು. ಅಪ್ಪ ಇರಲಿಲ್ಲ. ಫಿರ್ಮೇನ್ ಪೆಟ್ಟಿಗೆಯಿಂದ ಜಾರಿ ನೆಲಕ್ಕೆ ಬಿದ್ದಿದ್ದ, ಅವನ ಮುಖ ಸತ್ತ ಜೇಡಗಳ ಮೇಲಿತ್ತು.

ಅವನ ಕಂಕುಳಿಗೆ ಕೈ ಹಾಕಿ ಎಳೆದೆ. ಎಂಬತ್ತು ಕಿಲೋದ ಗಂಡಸು. ಒಂದು ಮೆಟ್ಟಿಲು, ಇನ್ನೊಂದು. ಹಿಂದಿನಿಂದ ಹೆಸರು ಹಿಡಿದು ಕರೆಯುತ್ತಲೇ ಇದ್ದರು, ಒಬ್ಬರಲ್ಲ, ಗೂಡಿನವರೆಲ್ಲ. ಕೆಳಗಿನಿಂದ ನಾಲ್ಕನೆಯ ಮೆಟ್ಟಿಲಿನಲ್ಲಿ ಕೈ ಬಿಟ್ಟುಹೋಯಿತು. ಆಗ ಮೇಲಿನಿಂದ ಕೀಚಲು ಸದ್ದು ಬಂತು. ನಾದೆಜ್ ಬಾಗಿಲಲ್ಲಿ ನಿಂತಿದ್ದಳು, ಅವಳ ಎದೆಗೆ ಸಿಕ್ಕಿಸಿದ್ದ ಬೆಂಕಿಪೊಟ್ಟಣದಷ್ಟು ಗಾತ್ರದ, ಕೆಟ್ಟ ಗಾಳಿ ಪತ್ತೆಹಚ್ಚುವ ಯಂತ್ರ ಕಿರುಚಿಕೊಳ್ಳುತ್ತಿತ್ತು.

"ಮೇಡಂ, ಕೂರ್ಬೇಡಿ! ಬಗ್ಗಬೇಡಿ! ಮೇಲೆ ಬನ್ನಿ, ಅವರನ್ನ ಬಿಟ್ಟು ಬನ್ನಿ!"

"ಬಿಡಲ್ಲ!" ಅಂದೆ.

ಅವಳು ಉಸಿರು ಕಟ್ಟಿಕೊಂಡು ಇಳಿದಳು. ಒಬ್ಬೊಬ್ಬರು ಒಂದೊಂದು ತೋಳು ಹಿಡಿದೆವು. ಅಡುಗೆಮನೆಯ ನೆಲಕ್ಕೆ ಅವನನ್ನು ಹಾಕಿದ್ದು ನೆನಪಿದೆ. ಅವಳು ಅಂಗಳಕ್ಕೆ ಓಡಿ ನನ್ನ ಹೆಂಚು, ನನ್ನ ಪ್ಲಾಸ್ಟಿಕ್, ನನ್ನ ಗೋಣಿ ಎಲ್ಲವನ್ನೂ ಕಿತ್ತೆಸೆದದ್ದು ಕಿಟಕಿಯಿಂದ ಕಂಡಿತು.

ಅಗ್ನಿಶಾಮಕದವರು ಬಂದರು. ಅವರ ಮುಖ್ಯಸ್ಥ ನೆಲಮಾಳಿಗೆಗೆ ದೊಡ್ಡ ಫ್ಯಾನು ಹಚ್ಚಿ, ಮುಖವಾಡ ತೆಗೆದು, ನನಗೆ ವಿವರಿಸಿ ಹೇಳಿದ. ದ್ರಾಕ್ಷಿರಸ ಹುದುಗುವಾಗ ಕೊಪ್ಪರಿಗೆಯಿಂದ ಒಂದು ಕೆಟ್ಟ ಗಾಳಿ ಏಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮಾಮೂಲಿ ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಇಷ್ಟು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಹಿಂದೆ ಕೊಪ್ಪರಿಗೆಮನೆಗೆ ಕಾಲಿಡುವ ಮೊದಲು ಮೇಣದಬತ್ತಿ ಚಾಚಿ ನೋಡುತ್ತಿದ್ದರು, ಆರಿದರೆ ಒಳಗೆ ಹೋಗುತ್ತಿರಲಿಲ್ಲ. ಆದರೆ ಅದು ಕೊಪ್ಪರಿಗೆಮನೆಯ ಮಾತು, ಬಾಟಲಿ ಮಲಗಿರುವ ಜಾಗದ್ದಲ್ಲ ಅಂತಲೇ ನಾವು ತಿಳಿದದ್ದು. ಮೊದಲ ಗೂಡಿನ ಹಿಂದೆ ಮುಷ್ಟಿಯಗಲದ ಒಂದು ತೂತಿತ್ತು. ಅಜ್ಜನ ಕಾಲದಲ್ಲಿ ಕೊಪ್ಪರಿಗೆಯಿಂದ ಕೆಳಗಿನ ಪೀಪಾಯಿಗೆ ಕೊಳವೆ ಇಳಿಸಲು ಕೊರೆದದ್ದು. ಬೆಸ್ಸೆಯ ಗಾಳಿ ಅದರ ಮೂಲಕ ಇಳಿದು ತುಂಬಿಕೊಂಡಿತ್ತು. ಹೊರಗೆ ಹೋಗುವ ದಾರಿಯನ್ನು ನಾನು ಮುಚ್ಚಿದ್ದೆ.

"ನಿಮ್ಮ ತಂದೆ ಕಿಂಡಿ ಮುಚ್ತಿರಲಿಲ್ವಾ?" ಅಂತ ಕೇಳಿದ.

ಮುಚ್ಚುತ್ತಿದ್ದ. ತೆಗೆಯುತ್ತಲೂ ಇದ್ದ. ಕೊಯ್ಲಿನ ಮೊದಲ ದಿನ, ಫಿರ್ಮೇನ್ ಆಳುಗಳ ಜೊತೆ ಕತ್ತಲಲ್ಲೇ ತೋಟಕ್ಕೆ ಹೋದ ಮೇಲೆ, ಅಪ್ಪ ಒಬ್ಬನೇ ಅಂಗಳದ ಗೋಡೆಯ ಬಳಿ ಮಂಡಿಯೂರಿ ಕೂತಿರುತ್ತಿದ್ದದ್ದನ್ನು ವರ್ಷವರ್ಷವೂ ಅಡುಗೆಮನೆಯಿಂದ ನೋಡಿದ್ದೇನೆ. ಕೊಯ್ಲು ಸುಸೂತ್ರವಾಗಲಿ ಅಂತ ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ. ಕಲ್ಲಿನಂಥ ಮನುಷ್ಯ ವರ್ಷಕ್ಕೊಮ್ಮೆಯಾದರೂ ಮಂಡಿಯೂರುತ್ತಾನಲ್ಲ ಅಂತ ಮೆಚ್ಚಿಕೊಂಡೂ ಇದ್ದೆ. ಅವನು ಗೋಣಿ ಕೀಳುತ್ತಿದ್ದ. ಯಾಕೆ ಅಂತ ನನಗೆ ಹೇಳಲಿಲ್ಲ, ನೆಲಮಾಳಿಗೆ ನನ್ನದಲ್ಲವಲ್ಲ. ಹೇಳಿದ್ದರೆ ಅವನ ಮಗ ಸಾವಿನ ಬಾಯಿಗೆ ಹೋಗುತ್ತಿರಲಿಲ್ಲ.

ಫಿರ್ಮೇನ್ ಆಸ್ಪತ್ರೆಯಲ್ಲಿ ಎರಡನೆಯ ದಿನ ಕಣ್ಣು ಬಿಟ್ಟ. ಮುಖದ ಮೇಲಿನ ಆಮ್ಲಜನಕದ ಮುಚ್ಚಳ ಸರಿಸಿ ಕೇಳಿದ ಮೊದಲ ಮಾತು, "ಯಾಕೆ ಎಬ್ಬಿಸ್ದೆ?"

"ಊಟ ತಣ್ಣಗಾಗಿತ್ತು ಅದಕ್ಕೆ," ಅಂದೆ. ಆಮೇಲೆ ಹೊರಗೆ ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತೆ. ಡಾಕ್ಟರು ಹೇಳಿದರು, ಒಳ್ಳೆಯ ಗಾಳಿ ಸಾಲದಾದಾಗ ಮೆದುಳು ತನಗೆ ಬೇಕಾದದ್ದನ್ನು ತಾನೇ ಕೇಳಿಸಿಕೊಳ್ಳುತ್ತದೆ, ಅದರಲ್ಲಿ ಅಚ್ಚರಿ ಏನಿಲ್ಲ.

ಅಕ್ಟೋಬರಿನಲ್ಲಿ ಬಾಟಲಿಗಳು ಹೆದ್ದಾರಿ ಪಕ್ಕದ ಗೋದಾಮಿಗೆ ಹೋದವು. ಫಿರ್ಮೇನ್ ಎದುರಾಡಲಿಲ್ಲ. ಕಲ್ಲುಹಲಗೆಗಳನ್ನೂ ತಂದು ತಂತಿಬಲೆಗೆ ಕಟ್ಟಿದ. ಪ್ರತಿ ಗುರುವಾರ ಹೋಗುತ್ತಾನೆ, ಕಾರ್ಡು ತೋರಿಸಿ ಒಳಗೆ ಕೂತು, ಅರ್ಧ ಗಂಟೆಯ ನಂತರ ಬರುತ್ತಾನೆ. ಹನ್ನೆರಡು ಡಿಗ್ರಿ, ಒಂದು ಬಿರಡೆಯೂ ಜಿನುಗಿಲ್ಲ.

"ಅಲ್ಲಿ ಏನೂ ಇಲ್ಲ ಕಣೇ," ಅಂದ ಒಂದು ದಿನ. ಕಾರ್ಡನ್ನು ಮೇಜಿನ ಮೇಲಿಡುತ್ತ ಕೇಳಿದ, "ಅವತ್ತು ಅಪ್ಪ ನಿನಗೇನಾದ್ರೂ ಹೇಳಿದ್ರಾ?"

"ನನಗೇನೂ ಕೇಳಿಸ್ಲಿಲ್ಲ," ಅಂದೆ.

ಅವನು ನಂಬಿದ. ಅವನಿಗೆ ಅಪ್ಪ ಬದುಕಿದ್ದಾಗಲೂ ಮಾತಾಡಿದ್ದ. ಅವನಿಗೆ ನೆನೆಯಲು ನಲವತ್ತು ವರ್ಷದ ಮಾತಿದೆ, ನೆನೆದು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದಾನೆ. ಕ್ರಿಸ್‌ಮಸ್ ಹೊತ್ತಿಗೆ ಹಾಡಿನ ಗುಂಪಿಗೆ ಸೇರಿದ, ಒಬ್ಬ ವಿಧವೆಯ ಮನೆಗೂ ಹೋಗಿಬಂದು ಮಾಡುತ್ತಿದ್ದಾನೆ ಅಂತ ಸುದ್ದಿ. ತಮ್ಮ ನನಗೆ ಸಿಕ್ಕಿದ.

ಮತ್ತೆ ಸೆಪ್ಟೆಂಬರ್ ಬಂತು. ಬೆಸ್ಸೆ ತೂತಿಗೆ ಸಿಮೆಂಟು ಮೆತ್ತಿದ್ದ. ಆದರೆ ಹಳೆಯ ಕಲ್ಲುಗೋಡೆ ಎಲ್ಲಿಂದಾದರೂ ಬಿಡುತ್ತದೆ, ಕೊಯ್ಲಿನಲ್ಲಿ ಕಿಂಡಿ ತೆರೆದೇ ಇಡಿ ಅಂತ ಅಗ್ನಿಶಾಮಕದವನು ಎಚ್ಚರಿಸಿದ್ದ. ತೆರೆದೇ ಇತ್ತು. ಕೆಳಗೆ ಖಾಲಿ ಗೂಡುಗಳ ಹೊರತು ಏನೂ ಇರಲಿಲ್ಲ. ಗೋಡೆಯಾಚೆ ಕೊಪ್ಪರಿಗೆಗಳು ಕೊತಕೊತ ಅನ್ನತೊಡಗಿದ ನಾಲ್ಕನೆಯ ದಿನ, ಫಿರ್ಮೇನ್ ಹಾಡಿನ ಅಭ್ಯಾಸಕ್ಕೆ ಹೋಗಿದ್ದಾಗ, ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ನಾನು ಅಂಗಳದಲ್ಲಿ ಮಂಡಿಯೂರಿ ಕೂತಿರುವುದು ನನಗೇ ತಿಳಿಯಿತು. ಒಂದು ಕಿಂಡಿ ಮುಚ್ಚಿ ಆಗಿತ್ತು. ಎರಡನೆಯದಕ್ಕೆ ಹಿಡಿದಿದ್ದ ಗೋಣಿಯಿಂದ ನೀರು ಸುರಿದು ನನ್ನ ಲಂಗವೆಲ್ಲ ಒದ್ದೆಯಾಗಿತ್ತು. ಅದನ್ನು ಯಾವಾಗ ನೆನೆಸಿದೆ, ಯಾವಾಗ ಹೊರಗೆ ಬಂದೆ, ನೆನಪಿಲ್ಲ.

ಅದು ಅಪ್ಪನಲ್ಲ, ನನ್ನ ತಲೆ ಆಡಿದ ಆಟ. ನನಗೆ ಗೊತ್ತು. ಸಿಟ್ಟು ಬಂದದ್ದಕ್ಕೇ ನಾವಿಬ್ಬರೂ ಬದುಕಿದೆವು, ಅದೂ ಗೊತ್ತು. ಈಗ ಆ ಸಿಟ್ಟು ಇಲ್ಲ. ವರ್ಷವಿಡೀ ಆ ಒಂದು ಮಾತನ್ನು ಮನಸ್ಸಿನ ಕಿವಿಯಲ್ಲಿ ಕೇಳಿ ಕೇಳಿ ಸಿಟ್ಟು ಸವೆದುಹೋಗಿದೆ. ಇನ್ನೊಂದು ಸಲ ಅವನು ತಪ್ಪಾಯ್ತು ಮಗಳೇ ಅಂದರೆ ನಾನು ಏಳುವುದಿಲ್ಲ.

ಎರಡೂ ಗೋಣಿಗಳನ್ನು ಒಲೆಗೆ ಹಾಕಿ, ಗಾರೆಕೆಲಸದವನಿಗೆ ಫೋನ್ ಮಾಡಿದೆ. ಸಂಜೆಯೊಳಗೆ ಬಂದು, ನೆಲಮಾಳಿಗೆಯ ಮೆಟ್ಟಿಲಿನ ಬಾಗಿಲು ಕಳಚಿ, ಅಲ್ಲಿ ಇಟ್ಟಿಗೆ ಕಟ್ಟಲು ಶುರುಮಾಡಿದ. ಫಿರ್ಮೇನ್ ಬಂದು ನೋಡಿ ಮುಖ ಸಣ್ಣಗೆ ಮಾಡಿಕೊಂಡ.

"ಇನ್ನೂ ನನ್ನ ಮೇಲೆ ನಂಬ್ಕೆ ಇಲ್ವಾ ನಿನಗೆ?" ಅಂದ. "ನಾನು ಇಳಿಯಲ್ಲ ಕಣೇ. ಆಣೆ."

"ನಿನ್ನನ್ನ ಯಾರು ನಂಬ್ತಾರೆ," ಅಂದೆ.

ಗಾರೆಯವನು ಕೈ ಒರೆಸಿಕೊಂಡು, "ಒಂದು ಗೋಡೆ ಧಾರಾಳ ಸಾಕು ಮೇಡಂ, ಆನೆ ಗುದ್ದಿದ್ರೂ ಬೀಳಲ್ಲ," ಅಂದ.

ಎರಡು ಕಟ್ಟು ಅಂದೆ.